ಬಾಗಿಲ ಅಳತೆ

ಮೊದಲು ಅಳೆದವನು ನಾನೇ.
ಐದನೇ ತರಗತಿಯ ಬಾಗಿಲು: ಅರವತ್ತೈದು ಸೆಂಟಿಮೀಟರ್.
ತೇಕ್ಲೆಯ ಗಾಲಿಕುರ್ಚಿ: ಅರವತ್ತೇಳು.
ಚೀಟಿಯಲ್ಲಿ ಬರೆದು ಹೆಡ್‌ಮಾಸ್ತರ್ ಗುರಾಮ್‌ಗೆ ಕೊಟ್ಟೆ.
ಪರೀಕ್ಷೆ ಮುಂದೆ ಹೋದ ಹುಡುಗನ ಹಾಗೆ
ಅವರ ಮುಖ ಹಗುರಾಯಿತು.
"ನೋಡು ಜಿಮ್ಶೇರ್, ನಾವು ಬೇಡ ಅನ್ನಲಿಲ್ಲ.
ಬಾಗಿಲು ಅಂದಿತು."

ನಮ್ಮದು ಚಿಯಾತುರಾ.
ಮ್ಯಾಂಗನೀಸ್ ಗಣಿಯ ಕಪ್ಪು ಧೂಳು
ಒಣಹಾಕಿದ ಅಂಗಿಯ ಮೇಲೆ, ಬ್ರೆಡ್ಡಿನ ಮೇಲೆ.
ಕಣಿವೆಗೆ ಅಡ್ಡ ತಂತಿ ಎಳೆದು
ತಗಡಿನ ಪೆಟ್ಟಿಗೆಯಲ್ಲಿ ಜನರನ್ನು ತುಂಬಿ
ಗುಡ್ಡದ ಮೇಲಿನ ಮನೆಗಳಿಗೆ ಮುಟ್ಟಿಸಿದ ಊರು.
ಕಾಲಿದ್ದವರೂ ಇಲ್ಲಿ ಗಾಳಿಯಲ್ಲಿ ತೂಗಿಕೊಂಡೇ ಮನೆ ಸೇರಿದವರು.
ಅಂಥ ಊರು
ಶಾಲೆಯ ನಾಲ್ಕು ಮೆಟ್ಟಿಲ ಮುಂದೆ
ಕೈಚೆಲ್ಲಿ ಕೂತಿತು.

ಸಭೆ ಸೇರಿತು.
ಒಲೆಗೆ ಸೌದೆ ಒಟ್ಟುತ್ತ ಕೇಳಿಸಿಕೊಂಡೆ.
ಯಾರೂ ಕೆಟ್ಟ ಮಾತಾಡಲಿಲ್ಲ, ಕಷ್ಟ ಅದೇ.
"ಪಾಪ" ಎಂದರು ಒಬ್ಬರು, "ಪಾಪ" ಎಂದರು ಪಕ್ಕದವರು.
ಚಂದಾ ತಟ್ಟೆಯ ಹಾಗೆ ಆ ಮಾತು
ಬೆಂಚಿಂದ ಬೆಂಚಿಗೆ ದಾಟಿತು.
ಯಾರೂ ಏನೂ ಹಾಕಲಿಲ್ಲ.

"ಕುತೈಸಿಯಲ್ಲಿ ಅಂಥವರಿಗೇ ಒಂದು ಜಾಗ ಇದೆಯಂತೆ."
"ನನ್ನ ಮಗಳು ತೀರ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ."
ಲೆಕ್ಕದ ಲಮಾರಾ ಮುಚ್ಚುಮರೆ ಇಲ್ಲದ ಹೆಂಗಸು:
"ಮೂವತ್ತೊಂದು ಮಕ್ಕಳು. ಭಿನ್ನರಾಶಿ ಇನ್ನೂ ತಲೆಗೆ ಹತ್ತಿಲ್ಲ.
ನಾನು ಗಾಲಿ ತಳ್ಳಲೋ, ಛೇದ ಕಲಿಸಲೋ?"
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.
ಈಗಲೂ ಇಲ್ಲ.
ಗುರಾಮ್ ಅಡ್ಡಗೋಡೆಯ ಮೇಲೆ ದೀಪವಿಟ್ಟರು:
"ಬರುವ ವರ್ಷ ನೋಡೋಣ."

ಕೊನೆಯ ಬೆಂಚಿನಲ್ಲಿ ತೇಕ್ಲೆಯ ಅಜ್ಜಿ ನಾಜಿ,
ಕೈಚೀಲದ ಬಾಯಿ ತೆರೆದು, ಮುಚ್ಚಿ, ತೆರೆದು.
ಹೋಗುವಾಗ ಒಂದೇ ಕೇಳಿದಳು:
"ಬಾಗಿಲು ಮರದ್ದೋ, ಕಬ್ಬಿಣದ್ದೋ?"

ನಾನೇನು ಸಂತನಲ್ಲ.
ನನ್ನ ತಮ್ಮ ಓತಾರ್‌ಗೆ ಮಾತು ಬರುತ್ತಿರಲಿಲ್ಲ.
ನೆಂಟರು ಬಂದರೆ ಕೈ ಹಿಡಿದು
ಹಿಂದಿನ ಕೋಣೆಗೆ ಬಿಟ್ಟುಬರುತ್ತಿದ್ದವನು ನಾನು.
ಆ ಬಾಗಿಲನ್ನು ಯಾರೂ ಅಳೆಯಲಿಲ್ಲ.
ಒಳಗೆ ಹೋಗಲು ಸಾಕಷ್ಟಿತ್ತು.

ಭಾನುವಾರ. ಉಳಿ, ಸುತ್ತಿಗೆ, ಗರಗಸ.
ಚೌಕಟ್ಟು ಕಿತ್ತೆ. ಹಳೆಯ ಬಣ್ಣ ಪದರ ಪದರ:
ಹಸಿರು, ನೀಲಿ, ಮತ್ತೆ ಹಸಿರು,
ಅದರಡಿ ಯಾವ ಕಾಲದ್ದೋ ಪೆನ್ಸಿಲ್ ಗುಣಾಕಾರ,
ಉತ್ತರ ತಪ್ಪು.
ಗೋಡೆ ಕೊರೆದು ಎಪ್ಪತ್ತೈದು ಮಾಡಿದೆ.
ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು.
ಹಲಗೆ ಎಲ್ಲಿಯದು ಎಂದು ಕೇಳಬೇಡಿ.
ಸೋಮವಾರ ಗುರಾಮ್ ಬಹಳ ಹೊತ್ತು ನೋಡಿ
ಸಂಬಳದಲ್ಲಿ ಹಿಡಿಯುತ್ತೇನೆ ಎಂದರು.
ಹಿಡಿದರು.

ಆಮೇಲೆ ಯಾರೂ ಓಡಿಬಂದು ಅವಳನ್ನು ಅಪ್ಪಲಿಲ್ಲ.
ಎರಡು ವಾರ ಪಕ್ಕದ ಜಾಗ ಖಾಲಿ.
ಇಬ್ಬರು ಶಾಲೆ ಬಿಡಿಸಿಕೊಂಡು ಹೋದರು.
ಲಮಾರಾ ಪ್ರಶ್ನೆ ಕೇಳುತ್ತಿರಲಿಲ್ಲ,
ಗಾಜಿನ ಹೂದಾನಿಯಂತೆ ಅವಳನ್ನು ಬಳಸಿ ನಡೆದಳು.
ತಪ್ಪು ಬರೆದರೂ "ಚೆನ್ನಾಗಿದೆ".
ಆ "ಚೆನ್ನಾಗಿದೆ"
ನಾಲ್ಕು ಮೆಟ್ಟಿಲಿಗಿಂತ ಕಡಿದು.

ನವೆಂಬರು. ಕಾರಿಡಾರ್ ಒರೆಸುತ್ತಿದ್ದೆ.
ಒಳಗಿಂದ ಲಮಾರಾಳ ಗುಡುಗು:
"ಬೆಕಾ! ವಾಖೋ! ತೇಕ್ಲೆ!
ಮೂವರೂ ಹೊರಗೆ!"

ತಲೆ ತಗ್ಗಿಸಿ ಹುಡುಗರಿಬ್ಬರು.
ಹಿಂದೆಯೇ ಅವಳು, ಅಕ್ಕಪಕ್ಕ ಎರಡೆರಡು ಬೆರಳು ಜಾಗ ಉಳಿಸಿ
ಸಲೀಸಾಗಿ,
ನಗು ತಡೆಯಲು ಕೆಳತುಟಿ ಕಚ್ಚಿ.

"ಏನಾಯ್ತು?"
"ಕಾಗದದ ಉಂಡೆ. ಟೀಚರ್ ತುರುಬಿಗೆ ತಾಗಿತು."
"ಎಸೆದದ್ದು ಯಾರು?"
ಮೂವರೂ ಸೂರು ನೋಡಿದರು.

ಒಳಗೆ ಸೀಮೆಸುಣ್ಣ ಮುರಿಯುವ ಸದ್ದು,
ಅಂಶ, ಛೇದ, ಅಂಶ, ಛೇದ.
ನಾನು ಬಟ್ಟೆ ಹಿಂಡಿ
ಬಕೆಟ್ಟು ಗೋಡೆಯ ಕಡೆಗೆ ಸರಿಸಿದೆ,
ಇಬ್ಬರು ನಿಲ್ಲಲು, ಒಬ್ಬಳು ಕೂರಲು
ಒಣ ಜಾಗ ಇರಲೆಂದು.